ಮೀನಿನ ಎಂ80ಗೂ ಒಂದು ನೆರಳು ಬೇಕು

ಕರ್ನಾಟಕದ ಹಳೇ ಬೈಕ್ ಹವ್ಯಾಸಿಗಳ ಮೊದಲ ಪ್ರೀತಿ ಜಾವಾ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ಬೈಕು ಮುಂದೆ ಯೆಜ್ಡಿ ಎಂಬ ಹೆಸರು ಪಡೆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿದರೂ ಬೈಕುಗಳು ಉಳಿದವು. ಕಿಕ್ಕರೇ ಗೇರಿನ ಲಿವರೂ ಆಗುವ ಅದರ ಚಮತ್ಕಾರ ಬಲ್ಲವರು ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಆಚರಿಸುತ್ತಾರೆ. ಹಳೆಯ ಕಾರುಗಳಿಗಂತೂ ಧರ್ಮಸ್ಥಳದಲ್ಲಿ ಸಂಗ್ರಹಾಲಯವೇ ಇದೆ.

ಆದರೆ ಕರಾವಳಿಯ ಬದುಕನ್ನು ಹೊತ್ತ ಗಾಡಿಗಳನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಪಂಚಗಂಗಾವಳಿ ಕಡಲು ಸೇರುವ ಗಂಗೊಳ್ಳಿಯಂಥ ಬಂದರುಗಳಿಂದ ಒಳನಾಡಿಗೆ ಮೀನು ಹೋದದ್ದು ಮೊದಲು ತಲೆಹೊರೆಯಲ್ಲಿ, ಆಮೇಲೆ ಸೈಕಲ್ಲಿನಲ್ಲಿ, ಬಳಿಕ ಬಜಾಜ್ ಎಂ80 ಎಂಬ ದ್ವಿಚಕ್ರ ಗಾಡಿಯಲ್ಲಿ. ಹಿಂದಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದ ಮೀನಿನ ಪೆಟ್ಟಿಗೆ, ಹ್ಯಾಂಡಲ್ಲಿಗೆ ರಬ್ಬರ್ ಬುರುಡೆಯ ಹಾರ್ನು. ‘ಪೊಂ ಪೊಂ’ ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಿದ್ದರು, ಬೆಕ್ಕುಗಳು ಅವರಿಗಿಂತ ಮೊದಲೇ.

ಐಸು ಕರಗಿದ ಉಪ್ಪುನೀರು ಪೆಟ್ಟಿಗೆಯಿಂದ ಸೋರಿ ಚಾಸಿಸ್ ಮೇಲೆ ಇಳಿಯುತ್ತದೆ. ಮೇಲಿನಿಂದ ಬಣ್ಣ ನೆಟ್ಟಗಿದ್ದರೂ ಒಳಗಿನ ತಗಡು ಹಪ್ಪಳದಂತೆ ಪುಡಿಯಾಗಿರುತ್ತದೆ. ಕೊನೆಗೆ ಗುಜರಿಯಲ್ಲಿ ತೂಕಕ್ಕೆ ಬೆಲೆ.

50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿಂಟೇಜ್’ ಮಾನ್ಯತೆ ಕೊಟ್ಟು ‘ವಿಎ’ ಸರಣಿಯ ನೋಂದಣಿ ನೀಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಒಳ್ಳೆಯ ನಿಯಮವೇ. ಆದರೆ ಎಂಬತ್ತರ ದಶಕದಲ್ಲಿ ರಸ್ತೆಗಿಳಿದ ಎಂ80 ಆ ವಯಸ್ಸು ಮುಟ್ಟಲು ಇನ್ನೂ ವರ್ಷಗಳಿವೆ. ಉಪ್ಪುಗಾಳಿ ಅಷ್ಟು ಕಾಯುವುದಿಲ್ಲ. ಸೈಕಲ್ಲಿಗಂತೂ ನೋಂದಣಿಯೂ ಇಲ್ಲ, ದಾಖಲೆಯೂ ಇಲ್ಲ. ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ ನಿಂತುಹೋಯಿತು. ಇನ್ನು ಉಳಿಯುವುದು ಮನೆಗಳ ಕೊಟ್ಟಿಗೆಯಲ್ಲಿರುವವು ಮಾತ್ರ.

ಉಳಿಸಲು ದೊಡ್ಡ ಖರ್ಚೇನೂ ಬೇಡ. ಸಿಹಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಸೈಕಲ್ಲಾದರೆ ಚೈನಿಗೆ ಎಣ್ಣೆ ಬಿಟ್ಟು, ನೆರಳಲ್ಲಿ ನಿಲ್ಲಿಸಬೇಕು. ಹೊಸ ಪೇಂಟ್ ಬಳಿಯುವ ಆಸೆ ಬೇಡ. ಹಗ್ಗ ಉಜ್ಜಿ ಸವೆದ ಕ್ಯಾರಿಯರೇ ಆ ಗಾಡಿಯ ಚರಿತ್ರೆ. ಆರ್‌ಸಿ ಪುಸ್ತಕ ಜೋಪಾನವಾಗಿರಲಿ. ಓಡಿಸಿದವರು ಇದ್ದರೆ ಯಾವ ಊರಿಗೆ, ಯಾವ ದಾರಿಯಲ್ಲಿ ಹೋಗುತ್ತಿದ್ದರೆಂದು ಕೇಳಿ ಬರೆದಿಡಬೇಕು.

ಬಂದರಿನ ಬಳಿ ಒಂದು ಕೋಣೆ ಸಿಕ್ಕರೆ ಮೀನು ಮಾರಿದ ನಾಲ್ಕಾರು ಸೈಕಲ್ಲು, ಎಂ80ಗಳನ್ನು ಅಲ್ಲಿ ನಿಲ್ಲಿಸಬಹುದು. ಸ್ಥಳೀಯ ಆಡಳಿತ ಮತ್ತು ಮೀನುಗಾರರ ಸಂಘಟನೆಗಳು ಮನಸ್ಸು ಮಾಡಲಿ. ಅಲ್ಲಿಯವರೆಗೆ, ಮನೆಯಲ್ಲಿ ಅಂಥದೊಂದು ಗಾಡಿ ಇರುವವರು ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.