ಬೀಜ ತಾನೇ ಹಬ್ಬುತ್ತೆ, ತಿಳಿವಳಿಕೆ ಹಬ್ಬಲ್ಲ

ಕೃಷಿ ವಿಶ್ವವಿದ್ಯಾಲಯ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಕೃಷಿ ಮೇಳ. ಜಿಕೆವಿಕೆಗೆ ಹೋಗ್ತೀವಿ, ಮಳಿಗೆ ಸುತ್ತುತ್ತೀವಿ, ಫೋಟೊ ತೆಗೆದು ವಾಪಸ್ ಬರ್ತೀವಿ. ಆಮೇಲೆ ಬೆಳೆಗೆ ರೋಗ ಬಂದರೆ ಕೇಳೋದು ಮಾತ್ರ ಔಷಧಿ ಅಂಗಡಿಯಲ್ಲಿ. ಇದು ಬದಲಾಗಬೇಕು, ಎರಡೂ ಕಡೆಯಿಂದ.

ರಾಗಿಯನ್ನೇ ನೋಡಿ. ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿ ಜೊತೆ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಕೊಟ್ಟರು. ಮುಂದೆ ಬೆಂಗಳೂರು ಕೃಷಿ ವಿ.ವಿ.ಯಿಂದ ಬೆಂಕಿ ರೋಗ ತಡೆಯುವ ಜಿಪಿಯು-28 ಬಂತು. ಇವುಗಳ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಬಹುದು. ಹಾಗಾಗಿ ಒಬ್ಬರು ಬೆಳೆದರೆ ಸಾಕು, ಪಕ್ಕದ ಹೊಲಕ್ಕೆ, ನೆಂಟರ ಊರಿಗೆ ಸೇರು ಲೆಕ್ಕದಲ್ಲಿ ಹೋಗುತ್ತೆ.

ಆದರೆ ಮಣ್ಣು ಪರೀಕ್ಷೆ ವರದಿ ನೋಡಿ ಎಷ್ಟು ಗೊಬ್ಬರ ಹಾಕಬೇಕು, ಹುಳು ಎಷ್ಟಿದ್ದರೆ ಔಷಧಿ ಹೊಡೀಬೇಕು, ಯಾವಾಗ ಹೊಡೆಯೋದೇ ಬೇಡ ಅನ್ನೋದನ್ನು ಸೇರಿನಲ್ಲಿ ಅಳೆದು ಕೊಡೋಕಾಗಲ್ಲ. ಹೊಲದಲ್ಲಿ ನಿಂತು ತೋರಿಸೋರು ಬೇಕು. ಕೃಷಿ ವಿಜ್ಞಾನ ಕೇಂದ್ರಗಳು ಇರೋದೇ ಇದಕ್ಕೆ. ದೇಶದ ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಶುರುವಾಯಿತು. ರೈತರ ಹೊಲದಲ್ಲೇ ಪ್ರಯೋಗ ಮಾಡಿ ನೋಡೋದು, ಗೆದ್ದದ್ದನ್ನು ಪ್ರಾತ್ಯಕ್ಷಿಕೆಯಾಗಿ ತೋರಿಸೋದು ಇವುಗಳ ಕೆಲಸ. ಬಿಎಸ್ಸಿ ಕೃಷಿ ವಿದ್ಯಾರ್ಥಿಗಳೂ ಕೊನೆಯ ವರ್ಷದಲ್ಲಿ ಹಳ್ಳಿಗೆ ಬಂದು ಉಳೀತಾರೆ. ಅವರು ಬಂದಾಗ ಊರಿನ ನಕ್ಷೆ ಬರೆಸಿ, ಹಾರ ಹಾಕಿ ಕಳಿಸಿಬಿಟ್ಟರೆ ಯಾರಿಗೇನು ಲಾಭ?

ವಿ.ವಿ.ಯವರಿಗೂ ಒಂದು ಮಾತು. ತರಬೇತಿಗೆ ಎಷ್ಟು ಜನ ಬಂದರು ಅನ್ನೋ ಲೆಕ್ಕ ಸಾಲದು. ಕೊಯ್ಲಾದ ಮೇಲೆ ಮತ್ತೆ ಬಂದು, ಹೇಳಿದ್ದು ಫಲ ಕೊಟ್ಟಿತಾ, ಖರ್ಚು ಗಿಟ್ಟಿತಾ ಅಂತ ಕೇಳಬೇಕು. ಸೋತಿದ್ದನ್ನೂ ಬರೆದುಕೊಳ್ಳಬೇಕು. ಮಳೆಯನ್ನೇ ನಂಬಿದ ಎರಡು ಎಕರೆ ಹೊಲ, ನೀರಾವರಿ ಇರೋ ಸಂಶೋಧನಾ ತಾಕಿನ ಹಾಗೆ ನಡೆಯಲ್ಲ.

ಇನ್ನು ನಮ್ಮ ಪಾಲು. ಮುಂಗಾರಿಗೆ ಮೊದಲೇ ಊರಿನ ನಾಲ್ಕೈದು ಜನ ಸೇರಿ, ನಿಮ್ಮನ್ನು ಹೆಚ್ಚು ಕಾಡೋ ಒಂದೇ ಸಮಸ್ಯೆ ಹಿಡಿದು ಕೇಂದ್ರಕ್ಕೆ ಹೋಗಿ. 'ನಮ್ಮ ಹೊಲದಲ್ಲೇ ಮಾಡಿ ತೋರಿಸಿ' ಅಂತ ಕೇಳಿ. ಒಪ್ಪಿದರೆ ಒಂದು ಭಾಗ ಅವರು ಹೇಳಿದ ಹಾಗೆ, ಪಕ್ಕದ ಭಾಗ ನಿಮ್ಮ ರೂಢಿಯ ಹಾಗೆ ಬೆಳೀರಿ. ಎರಡರ ಖರ್ಚು, ಇಳುವರಿಯನ್ನು ಮೊಬೈಲ್‌ನಲ್ಲಿ ಬರೆದಿಟ್ಟು, ಲಾಭ ಬಂದರೂ ನಷ್ಟ ಆದರೂ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ.

ಈ ಸಂಶೋಧನೆ ಬಹುಪಾಲು ನಡೆಯೋದು ನಮ್ಮೆಲ್ಲರ ತೆರಿಗೆ ದುಡ್ಡಲ್ಲಿ. ಸಂಕೋಚ ಬಿಟ್ಟು ಕೇಳಿ.