ಸಹಿ ಹಾಕುವುದನ್ನು ಮಾತುಕತೆ ಎನ್ನಬೇಡಿ

ಪೈಲಟ್‌ಗಳಿಗೆ ಯೂನಿಯನ್ ಯಾಕೆ ಎಂದು ಕೇಳುವವರು ಮೊದಲು ಎತ್ತುವುದು ಸಂಬಳದ ಮಾತನ್ನೇ. ‘ಲಕ್ಷಗಟ್ಟಲೆ ಎಣಿಸುವವರಿಗೂ ಸಂಘ ಬೇಕೆ? ಅದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ, ಸಾರಿಗೆ ನೌಕರರಿಗೆ ಇರಲಿ’ ಎನ್ನುತ್ತಾರೆ. ಅವರಿಗೆ ಹೆಚ್ಚೇ ಬೇಕು, ನಿಜ. ಆದರೆ ಸಂಘ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಸಂಬಳದ ಚೀಟಿಯ ಮೊತ್ತವಲ್ಲ; ಆ ಚೀಟಿ ಬರೆಯುವಾಗ ನಮ್ಮ ಮಾತಿಗೆ ಜಾಗ ಇತ್ತೇ ಎಂಬ ಪ್ರಶ್ನೆ. 2024ರಲ್ಲಿ ವಿಸ್ತಾರ ವಿಮಾನ ಕಂಪನಿ ತನ್ನ ಪೈಲಟ್‌ಗಳ ಮುಂದೆ ಹೊಸ ಕರಾರು ಇಟ್ಟಿತು. ತಿಂಗಳಿಗೆ 70 ಗಂಟೆಗಳ ಹಾರಾಟಕ್ಕೆ ಖಚಿತವಾಗಿದ್ದ ಸಂಬಳ 40 ಗಂಟೆಗಳಿಗೆ ಇಳಿಯಿತು. ತರಬೇತಿಗೆಂದು ಮನೆಯವರು ಮಾಡಿದ ಸಾಲದ ಕಂತು ಮಾತ್ರ ಹೀಗೆ ಇಳಿಯುವುದಿಲ್ಲ.

‘ಸಮರ್ಥನಾದವನು ತನ್ನ ಬೆಲೆಯನ್ನು ತಾನೇ ಕುದುರಿಸಿಕೊಳ್ಳುತ್ತಾನೆ’ ಎನ್ನುವವರು ಕಾಕ್‌ಪಿಟ್‌ನ ಸಂಬಳ ಹೇಗೆ ನಿರ್ಧಾರವಾಗುತ್ತದೆ ಎಂದು ಗಮನಿಸಿದಂತಿಲ್ಲ. ಮಂಗಳೂರಿನ ಗುಡ್ಡದ ತಲೆಯ ಮೇಲಿನ ರನ್‌ವೇಯಲ್ಲಿ, ಆಷಾಢದ ಮಳೆಯಲ್ಲಿ, ನಯವಾಗಿ ವಿಮಾನ ಇಳಿಸಿದ ಕ್ಯಾಪ್ಟನ್‌ಗೆ ಅದಕ್ಕೆಂದು ಬೇರೆ ಸಂಬಳವಿಲ್ಲ. ಯಾವ ವಿಮಾನ, ಯಾವ ಸೀಟು, ಎಷ್ಟು ಗಂಟೆ ಎಂಬ ಲೆಕ್ಕದ ಮೇಲೆ ಎಲ್ಲರಿಗೂ ಒಂದೇ ದರಪಟ್ಟಿ. ಹೀಗೆ ಎಲ್ಲರಿಗೂ ಒಂದಾಗಿರುವ ಪಟ್ಟಿಯನ್ನು ಒಬ್ಬೊಬ್ಬರಾಗಿ ಚೌಕಾಸಿ ಮಾಡುವುದು ಹೇಗೆ? ಈಮೇಲ್ ಬರುತ್ತದೆ, ಸಹಿಗೆ ಕೊನೆಯ ದಿನಾಂಕ ಇರುತ್ತದೆ, ಒಬ್ಬಂಟಿಯಾದವನು ಸಹಿ ಹಾಕುತ್ತಾನೆ. ಇದನ್ನು ಮಾತುಕತೆ ಎನ್ನಲು ನಾನು ಒಪ್ಪುವುದಿಲ್ಲ.

‘ಇಷ್ಟವಿಲ್ಲದಿದ್ದರೆ ಬಿಟ್ಟುಹೋಗಲಿ, ಬೇಡಿಕೆ ಇರುವ ಕೆಲಸವಲ್ಲವೇ?’ ಎದುರಾಳಿಗಳು ಅತಿ ಹೆಚ್ಚು ನಂಬಿರುವ ವಾದ ಇದು. ಅತಿ ಟೊಳ್ಳಾದದ್ದೂ ಇದೇ. 2017ರಲ್ಲಿ ವಿಮಾನಯಾನ ನಿಯಂತ್ರಕ ಡಿಜಿಸಿಎ ತಂದ ನಿಯಮದ ಪ್ರಕಾರ ಕ್ಯಾಪ್ಟನ್ ಕೆಲಸ ಬಿಡಬೇಕೆಂದರೆ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಸಹ ಪೈಲಟ್ ಆರು ತಿಂಗಳು ಮೊದಲು. ನಮ್ಮ ಐಟಿ ಹುಡುಗರಿಗೆ ಮೂರು ತಿಂಗಳ ನೋಟಿಸೇ ಹೆಚ್ಚಾಯಿತು ಅನ್ನಿಸುತ್ತದೆ. 2023ರಲ್ಲಿ ಆಕಾಸ ಏರ್‌ನ 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರಟಾಗ ಕಂಪನಿ ಹೈಕೋರ್ಟ್ ಮೆಟ್ಟಿಲೇರಿತು. ಇದರ ಜೊತೆಗೆ ತರಬೇತಿ ಬಾಂಡ್ ಇದೆ. ಏರ್‌ಬಸ್ ಹಾರಿಸುವವನು ನಾಳೆಯೇ ಬೋಯಿಂಗ್ ಹಾರಿಸುವಂತಿಲ್ಲ, ಅದಕ್ಕೆ ಬೇರೆ ಟೈಪ್ ರೇಟಿಂಗ್ ಬೇಕು. ಸೀನಿಯಾರಿಟಿ ಹೊಸ ಕಡೆಗೆ ಜೊತೆಗೆ ಬರುವುದಿಲ್ಲ. ಬಾಗಿಲಿಗೆ ಚಿಲಕ ಹಾಕಿ ‘ಹೋಗಲು ನೀನು ಸ್ವತಂತ್ರ’ ಎನ್ನುವುದು ನ್ಯಾಯವೇ? ಹೊರಹೋಗುವ ದಾರಿ ಇಷ್ಟು ಇಕ್ಕಟ್ಟಾಗಿರುವಾಗ ಒಳಗಿದ್ದುಕೊಂಡೇ ಮಾತಾಡುವ ದಾರಿಯಾದರೂ ಅಗಲವಾಗಿರಬೇಕು. ಆ ದಾರಿಗೇ ಸಂಘ ಎನ್ನುವುದು.

ಮುಷ್ಕರದ ಭಯವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. 2012ರಲ್ಲಿ ಏರ್ ಇಂಡಿಯಾದ ಪೈಲಟ್‌ಗಳು ಸುಮಾರು ಎರಡು ತಿಂಗಳು ವಿಮಾನ ಹತ್ತಲಿಲ್ಲ. ಆ ಮುಷ್ಕರದ ಬೇರು ಸಂಬಳಕ್ಕಿಂತ ಹೆಚ್ಚಾಗಿ ಡ್ರೀಮ್‌ಲೈನರ್ ತರಬೇತಿ ಯಾರಿಗೆ ಎಂಬ ಒಳಜಗಳದಲ್ಲಿತ್ತು, ಮತ್ತು ಅದು ತಪ್ಪು ಹೆಜ್ಜೆಯೆಂದೇ ನನ್ನ ಅಭಿಪ್ರಾಯ. ಆದರೆ ಯೂನಿಯನ್ ಇಲ್ಲದ ಕಡೆ ಪ್ರಯಾಣಿಕ ಸುಖವಾಗಿದ್ದಾನೆಯೇ? ಹೊಸ ಕರಾರಿನ ಅಸಮಾಧಾನದ ನಡುವೆ, ಪೈಲಟ್‌ಗಳ ಕೊರತೆಯಿಂದ 2024ರ ಏಪ್ರಿಲ್‌ನಲ್ಲಿ ವಿಸ್ತಾರ ದಿನಕ್ಕೆ 25ರಿಂದ 30 ಹಾರಾಟಗಳನ್ನು ಕಡಿತಗೊಳಿಸಬೇಕಾಯಿತು. ಅಲ್ಲಿ ಮುಷ್ಕರ ಘೋಷಣೆ ಆಗಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್‌ಗಳ ರಾಶಿಯ ನಡುವೆ ಜನ ಕಂಗಾಲಾಗಿ ನಿಂತಿದ್ದೂ ಮುಷ್ಕರದಿಂದಲ್ಲ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಗಳಿಗೆ ಇಂಡಿಗೋ ತಯಾರಾಗದೆ ಉಳಿದದ್ದರಿಂದ. ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿದ ಆ ನಿಯಮಗಳು ಜಾರಿಯಾಗಲಿ ಎಂದು ದೆಹಲಿ ಹೈಕೋರ್ಟ್‌ನಲ್ಲಿ ಬೆನ್ನು ಹತ್ತಿದವರು ಪೈಲಟ್‌ಗಳ ಸಂಘಗಳೇ.

ಅಮೆರಿಕದಲ್ಲಿ ಸಂಘಟಿತ ಪೈಲಟ್‌ಗಳು ಏನು ಗಳಿಸಿದರು ನೋಡಿ. 2022ರ ಕೊನೆಗೆ ಡೆಲ್ಟಾ ಪೈಲಟ್‌ಗಳು ಮುಷ್ಕರಕ್ಕೆ ಒಪ್ಪಿಗೆ ಕೊಡುವ ಮತದಾನ ಮಾಡಿದರು; ಮುಷ್ಕರ ಮಾಡಲಿಲ್ಲ. 2023ರ ಮಾರ್ಚ್‌ನಲ್ಲಿ ನಾಲ್ಕು ವರ್ಷಗಳಲ್ಲಿ ಒಟ್ಟು ಶೇಕಡಾ 34 ಏರಿಕೆಯ ಒಪ್ಪಂದವಾಯಿತು. ಅದೇ ವರ್ಷ ಅಮೆರಿಕನ್, ಯುನೈಟೆಡ್ ಕಂಪನಿಗಳೂ ಆ ಮಟ್ಟಕ್ಕೆ ಏರಬೇಕಾಯಿತು. ಅಲ್ಲಿನ ಪೈಲಟ್ ಸಂಘಕ್ಕೆ ಸದಸ್ಯ ಕೊಡುವ ಚಂದಾ ಸಂಬಳದ ಶೇಕಡಾ ಎರಡರೊಳಗೇ. ‘ಚಂದಾ ದಂಡ’ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲಿ.

‘ಬೇಡಿಕೆಗಳ ಭಾರಕ್ಕೆ ಕಂಪನಿಯೇ ಮುಳುಗಿದರೆ?’ ಬೆಂಗಳೂರಿನವರಿಗೆ ಕಿಂಗ್‌ಫಿಷರ್ ಕತೆ ಹೊಸದಾಗಿ ಹೇಳಬೇಕಿಲ್ಲ. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಂದಿರಲಿಲ್ಲ. ಅದನ್ನು ಮುಳುಗಿಸಿದ್ದು ಸಾಲ. ಜೆಟ್ ಏರ್‌ವೇಸ್‌ನಲ್ಲಿ ಪೈಲಟ್‌ಗಳ ಸಂಘವಿತ್ತು. 2019ರ ಏಪ್ರಿಲ್‌ನಲ್ಲಿ ಅದೂ ಸಾಲದಲ್ಲೇ ಮುಳುಗಿತು. ದಿವಾಳಿ ಕಂಪನಿಯ ಖಾಲಿ ಪೆಟ್ಟಿಗೆಯಿಂದ ಸಂಘ ಹಣ ಹುಟ್ಟಿಸಲಾರದು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ಜೆಟ್‌ನಲ್ಲಿ 2009ರಲ್ಲಿ ನಡೆದದ್ದನ್ನೂ ನೆನೆಯಬೇಕು. ಪೈಲಟ್‌ಗಳು ನ್ಯಾಷನಲ್ ಏವಿಯೇಟರ್ಸ್ ಗಿಲ್ಡ್ ಎಂಬ ಸಂಘ ಕಟ್ಟಿದರು, ಇಬ್ಬರನ್ನು ಕಂಪನಿ ಮನೆಗೆ ಕಳಿಸಿತು. ಸಂಘ ನೋಂದಾಯಿಸಲು ಅವಕಾಶ ಕೊಡುವ 1926ರ ಕಾಯ್ದೆ ಆಗ ಜಾರಿಯಲ್ಲಿದ್ದ ದೇಶದಲ್ಲಿ! ಸೆಪ್ಟೆಂಬರ್ 8ರಿಂದ ನೂರಾರು ಪೈಲಟ್‌ಗಳು ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು. ಪ್ರಯಾಣಿಕರು ಕಷ್ಟಪಟ್ಟರು, ಕೋರ್ಟು ಗದರಿಸಿತು, ಇನ್ನಷ್ಟು ವಜಾ ಆದೇಶಗಳು ಬಂದವು. ಒಂದು ವಾರ ತುಂಬುವ ಮೊದಲೇ ರಾಜಿಯಾಯಿತು. ವಜಾಗೊಂಡವರೆಲ್ಲ ಮರಳಿ ಕಾಕ್‌ಪಿಟ್ ಏರಿದರು.