ಬೇರು ಟೆಕ್ಸಾಸಿನದು, ಗೊನೆ ತಾಸಗಾಂವದ್ದು



ಆಷಾಢ ಏಕಾದಶಿಯ ದಿನ ಮಿರಜದ ಯಾವುದಾದರೂ ಮನೆಯ ಉಪವಾಸದ ತಾಟನ್ನು ಒಮ್ಮೆ ಸಾವಕಾಶ ನೋಡ್ರಿ. ಸಾಬುದಾಣಿ ಖಿಚಡಿ ಇರುತ್ತದೆ. ಸಾಬುದಾಣಿ ಆಗುವುದು ಮರಗೆಣಸಿನ ಹಿಟ್ಟಿನಿಂದ, ಮರಗೆಣಸು ದಕ್ಷಿಣ ಅಮೆರಿಕದ ಬೆಳೆ. ಅದಕ್ಕೆ ಹಾಕಿದ ಶೇಂಗಾ ಪುಡಿಯೂ ಅಲ್ಲಿಯದೇ. ಬಟಾಟಿ ಆಂಡೀಸ್ ಪರ್ವತದ್ದು. ಹಸಿಮೆಣಸಿನಕಾಯಿ ಮೆಕ್ಸಿಕೊ ಕಡೆಯದು. ಬದಿಗಿಟ್ಟ ರಾಜಗಿರಿ ಲಾಡುವಿನ ಕಾಳಿನ ಮೂಲವೂ ಅಮೆರಿಕ ಖಂಡವೇ. ಹಳೆಯ ಜಗತ್ತಿನದು ಅಂತ ಆ ತಾಟಿನಲ್ಲಿ ಉಳಿಯುವುದು ತುಪ್ಪ, ಜೀರಿಗೆ, ಬೆಲ್ಲ. 1492ರಲ್ಲಿ ಕೊಲಂಬಸ್ ಅಟ್ಲಾಂಟಿಕ್ ದಾಟುವುದಕ್ಕಿಂತ ಮುಂಚೆ ಪಂಢರಪುರಕ್ಕೆ ಹೊರಟ ವಾರಕರಿಗಳು ಉಪವಾಸಕ್ಕೆ ಬೇರೆ ಏನೋ ತಿಂದಿರಬೇಕು.

ಎರಡೂ ಖಂಡಗಳ ನಡುವೆ ಗಿಡ, ಪ್ರಾಣಿ, ರೋಗಗಳು ಹೀಗೆ ಅದಲುಬದಲಾದದ್ದಕ್ಕೆ ಆಲ್‌ಫ್ರೆಡ್ ಕ್ರಾಸ್ಬಿ ಎಂಬ ಅಮೆರಿಕದ ಇತಿಹಾಸಕಾರರು 1972ರ ತಮ್ಮ ಪುಸ್ತಕದಲ್ಲಿ ‘ಕೊಲಂಬಿಯನ್ ಎಕ್ಸ್‌ಚೇಂಜ್’ ಅಂತ ಹೆಸರಿಟ್ಟರು. ನಮ್ಮ ಶಾಲೆಗಳಲ್ಲಿ ಇದು ಬರುವುದೇ ಕಡಿಮೆ. ಬಂದರೂ ಒಂದು ಪಟ್ಟಿಯಾಗಿ ಬರುತ್ತದೆ: ಅಲ್ಲಿಂದ ಬಂದದ್ದು ಇಂತಿಂಥದ್ದು, ಇಲ್ಲಿಂದ ಹೋದದ್ದು ಇಂತಿಂಥದ್ದು, ಮುಗೀತು. ಇತಿಹಾಸದ ಗುರುಗಳಿಗೆ ಆ ಪಟ್ಟಿ ಸಾಕಾಗಬಹುದು. ವಿಜ್ಞಾನದ ನಮಗೆ ಸಾಲದು ಅನ್ನುವುದು ನನ್ನ ವಾದ. ಒಂದು ಜೀವಿ ಸಮುದ್ರ ದಾಟಿದಾಗ ಅದರ ಜೊತೆ ಯಾರು ಬಂದರು, ಯಾರು ಹಿಂದೆ ಉಳಿದರು ಅಂತ ನಾವು ಕೇಳಬೇಕು. ಈ ಪ್ರಶ್ನೆ ಕೇಳಲಿಕ್ಕೆ ಸಾಂಗಲಿ ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಮ್ಮ ಕಡೆ ದ್ರಾಕ್ಷಿ ಇದೆ.

ದ್ರಾಕ್ಷಿಗೆ ಹೋಗುವ ಮುಂಚೆ ಒಂದು ಮಾತು ಸಿಡುಬಿನ ಬಗ್ಗೆ. 1520ರಲ್ಲಿ ಸ್ಪೇನಿನವರ ಜೊತೆ ಸಿಡುಬು ಮೆಕ್ಸಿಕೊಕ್ಕೆ ಹೋಯಿತು. ನಮ್ಮ ಕಡೆ ಹಿರಿಯರು ‘ದೇವಿ’ ಅಂತಿದ್ದರಲ್ಲ, ಅದೇ. ಸ್ಪೇನಿನ ಸೈನಿಕರಲ್ಲಿ ಬಹಳ ಜನಕ್ಕೆ ಅದು ಚಿಕ್ಕಂದಿನಲ್ಲೇ ಬಂದು ಹೋಗಿತ್ತು. ಮೆಕ್ಸಿಕೊದ ಜನ ಅದನ್ನು ಕಂಡೇ ಇರಲಿಲ್ಲ. ಮಕ್ಕಳು, ಮುದುಕರು, ಅರಸ ಎಲ್ಲರೂ ಒಂದೇ ಸಲಕ್ಕೆ ಹಾಸಿಗೆ ಹಿಡಿದರೆ ನೀರು ಕೊಡುವವರೂ ಇರುವುದಿಲ್ಲ. ಮುಂದೆ ದಡಾರ ಮುಂತಾದವು ಸೇರಿ ಅಮೆರಿಕದ ಮೂಲನಿವಾಸಿಗಳ ಸಂಖ್ಯೆ ಒಂದೂವರೆ ಶತಮಾನದಲ್ಲಿ ಕುಸಿದುಹೋಯಿತು. ಹೋದದ್ದಕ್ಕೆ ಬದಲಾಗಿ ಬಂದದ್ದು ಟಮಾಟಿ, ಮೆಕ್ಕೆಜೋಳ ಅಂತ ಮಕ್ಕಳಿಗೆ ಸಲೀಸಾಗಿ ಹೇಳಿ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಈಗ ದ್ರಾಕ್ಷಿ. ತಾಸಗಾಂವ, ಮಿರಜ, ಜತ್ತ ತಾಲೂಕಿನ ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೆಯ ಬೇದಾಣಾ ಸಾಂಗಲಿ, ತಾಸಗಾಂವದ ಪೇಟೆಗೆ ಹೋಗುತ್ತದೆ. ಆ ಬಳ್ಳಿ ಹಳೆಯ ಜಗತ್ತಿನದು, ಪಶ್ಚಿಮ ಏಷ್ಯಾದ ಕಡೆಯದು. ಆದರೆ ನೆಲದೊಳಗಿನ ಬೇರು ಬೇರೆ ಜಾತಿಯದು. ತೋಟದವರ ಮಗನನ್ನು ಕೇಳ್ರಿ, ‘ಸರ್, ಖುಂಟ ಡಾಗ್ರಿಜ್, ಮ್ಯಾಲೆ ಸೋನಾಕಾ ಕಲಮ’ ಅಂತಾನೆ. ಡಾಗ್ ರಿಜ್ ಅನ್ನುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಜಾಗದ ಹೆಸರು. ಅಲ್ಲಿಯ ಕಾಡುದ್ರಾಕ್ಷಿಯ ಬೇರಿನ ಮೇಲೆ ನಮ್ಮ ತೋಟಗಳು ನಿಂತಿವೆ. ಬೇಸಿಗೆಗೆ ಮುಂಚೆ ಖುಂಟ ನೆಟ್ಟು, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಅದರ ಕಾಂಡ ಸೀಳಿ ಬೇಕಾದ ತಳಿಯ ಕಡ್ಡಿ ಕೂಡಿಸುತ್ತಾರೆ. ಇಲ್ಲಿ ಹಾಗೆ ಮಾಡುವುದು ನೀರಿನ ಬರ ಮತ್ತು ಉಪ್ಪು ನೆಲ ತಡೆಯಲಿ ಅಂತ. ಆದರೆ ದ್ರಾಕ್ಷಿಗೆ ಅಮೆರಿಕದ ಬೇರು ಕೂಡಿಸುವ ಪದ್ಧತಿ ಲೋಕದಲ್ಲಿ ಹರಡಿದ್ದು ಬೇರೆ ಕಾರಣಕ್ಕೆ.

1860ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣದ ತೋಟಗಳು ಕಾರಣ ತಿಳಿಯದೆ ಒಣಗತೊಡಗಿದವು. 1868ರಲ್ಲಿ ಪ್ಲಾಂಶೊಂ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು ಸತ್ತ ಬಳ್ಳಿ ಬಿಟ್ಟು, ಸಾಯುತ್ತಿರುವ ಬಳ್ಳಿಯ ಬೇರು ಅಗೆದು ನೋಡಿದರು. ಹಳದಿ ಬಣ್ಣದ, ಬರಿಗಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೇನು ಮುತ್ತಿದ್ದವು. ಅದೇ ಫಿಲಾಕ್ಸೆರಾ. ಅಮೆರಿಕದಿಂದ ತಂದ ದ್ರಾಕ್ಷಿ ಸಸಿಗಳ ಜೊತೆ ಬಂದಿತ್ತು. ಹಾಯಿ ಹಡಗಿನ ಕಾಲದಲ್ಲಿ ಪ್ರಯಾಣಕ್ಕೆ ಹಿಡಿಯುತ್ತಿದ್ದ ವಾರಗಟ್ಟಲೆ ಹೊತ್ತಿನಲ್ಲಿ ಅದು ಸಾಯುತ್ತಿತ್ತು, ಉಗಿ ಹಡಗು ಬಂದ ಮೇಲೆ ಬದುಕಿ ದಡ ಸೇರಿತು ಅಂತ ಸಾಮಾನ್ಯವಾಗಿ ವಿವರಿಸುತ್ತಾರೆ. ಯುರೋಪಿನ ಬಳ್ಳಿಯ ಬೇರಿಗೆ ಈ ಹೇನು ಚುಚ್ಚಿದರೆ ಅಲ್ಲಿ ಗಂಟಾಗಿ, ಕೊಳೆತು, ಬಳ್ಳಿ ಸಾಯುತ್ತದೆ. ಅಮೆರಿಕದ ಕಾಡುಬಳ್ಳಿಯ ಬೇರಾದರೆ ಚುಚ್ಚಿದ ಜಾಗದ ಕೆಳಗೆ ಬೂಚಿನಂಥ ಪದರ ಕಟ್ಟಿ ಗಾಯವನ್ನು ಅಲ್ಲೇ ತಡೆಯುತ್ತದೆ. ಹೇನು, ಬಳ್ಳಿ ಎರಡೂ ಲಕ್ಷಾಂತರ ವರ್ಷ ಒಂದೇ ನೆಲದಲ್ಲಿ ಕೂಡಿ ಬೆಳೆದವು. ತಡೆಯಲಾಗದ ಬಳ್ಳಿಗಳು ಎಂದೋ ಸತ್ತುಹೋಗಿ, ತಡೆದವು ಮಾತ್ರ ಬೀಜ ಬಿಟ್ಟವು.

ಹೀಗಾಗಿ ರೋಗ ಎಲ್ಲಿಂದ ಬಂತೋ ಔಷಧವೂ ಅಲ್ಲಿಂದಲೇ ಬಂತು. ಯುರೋಪಿನ ಕಡ್ಡಿಯನ್ನು ಅಮೆರಿಕದ ಬೇರಿಗೆ ಕಸಿ ಮಾಡಿದರು. ಇವತ್ತಿಗೂ ಯುರೋಪಿನ ಬಹುತೇಕ ದ್ರಾಕ್ಷಿ ಹಾಗೇ ಬೆಳೆಯುತ್ತದೆ.

ಇಲ್ಲಿ ತರಗತಿಯಲ್ಲಿ ಒಂದು ಗೊಂದಲ ಬಂದೇ ಬರುತ್ತದೆ, ಮೊದಲೇ ಬಿಡಿಸಿಡ್ರಿ. ಸಿಡುಬು ಬಂದು ಬದುಕಿದ ಸೈನಿಕನ ರಕ್ಷಣೆ ಅವನೊಬ್ಬನದು. ಅವನ ಮಗನಿಗೆ ಅದು ಹುಟ್ಟಿನಿಂದ ಬರುವುದಿಲ್ಲ. ಅಮೆರಿಕದ ಬಳ್ಳಿಯ ರಕ್ಷಣೆ ಅದರ ಜೀನಿನಲ್ಲಿದೆ. ಮಕ್ಕಳು ಎರಡಕ್ಕೂ ‘ರೂಢಿ ಆಗಿತ್ತು ಸರ್’ ಅಂತ ಒಂದೇ ಉತ್ತರ ಬರೆಯುತ್ತಾರೆ. ಹತ್ತನೆಯ ಇಯತ್ತೆಯಲ್ಲಿ ಆನುವಂಶಿಕತೆ ಮತ್ತು ಉತ್ಕ್ರಾಂತಿ ಕಲಿಸುವಾಗ ಲಾಮಾರ್ಕ್ ಮತ್ತು ಡಾರ್ವಿನ್ ನಡುವಿನ ವ್ಯತ್ಯಾಸಕ್ಕೆ ಜಿರಾಫೆಯ ಕುತ್ತಿಗೆ ಎಳೆಯುವುದಕ್ಕಿಂತ, ತೋಟದಲ್ಲಿ ದಿನಾ ಕಾಣುವ ಈ ಬೇರು ಮೇಲು.

ಬೇರಿನ ಹೇನು ನಮ್ಮ ಜಿಲ್ಲೆಯ ಸಮಸ್ಯೆಯಲ್ಲ. ಆದರೆ ಅದರ ಹಾಗೆಯೇ ಅಮೆರಿಕದಿಂದ ಹೊರಟ ಇನ್ನೊಂದು ಪಿಡುಗು ಪ್ರತಿ ವರ್ಷ ನಮ್ಮ ರೈತರ ನಿದ್ದೆ ಕೆಡಿಸುತ್ತದೆ. ಡೌನಿ ಮಿಲ್ಡ್ಯೂ, ನಮ್ಮ ಕಡೆಯ ಬಾಯಲ್ಲಿ ‘ಡಾವಣಿ’. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿತು. ಅಮೆರಿಕದ ಬೇರು ತರಿಸುವ ಭರದಲ್ಲಿ ಅದೂ ಬಂತು ಅಂತ ಹೇಳುತ್ತಾರೆ, ಅಂದರೆ ಒಂದು ಔಷಧ ತರಲು ಹೋಗಿ ಇನ್ನೊಂದು ರೋಗ. (‘ಭುರಿ’ ಅನ್ನುವ ಬೂದಿ ರೋಗವೂ ಅದೇ ಖಂಡದ್ದೇ, ಅದು ಇನ್ನೂ ಮುಂಚೆ, 1840ರ ದಶಕದಲ್ಲಿ ದಾಟಿತ್ತು.) ಅಕ್ಟೋಬರ್ ಛಾಟಣಿ ಆಗಿ ಎಳೆ ಚಿಗುರು ಬಂದಾಗ ಮಳೆ ಬಿದ್ದರೆ, ಇಲ್ಲಾ ಇಬ್ಬನಿ ಎಲೆ ಮೇಲೆ ನಿಂತರೆ, ಎಲೆಯ ಮೇಲ್ಬದಿಗೆ ಎಣ್ಣೆ ಹಚ್ಚಿದಂತೆ ಹಳದಿ ಚುಕ್ಕೆ, ಕೆಳಬದಿಗೆ ಬಿಳಿ ಹತ್ತಿಯಂಥ ಬೆಳವಣಿಗೆ ಕಾಣುತ್ತದೆ. ಅದರ ಬೀಜಕಗಳು ನೀರಿನ ಪದರದಲ್ಲಿ ಈಜುತ್ತವೆ. ಅದಕ್ಕೇ ಆ ದಿನಗಳಲ್ಲಿ ರೈತ ರಾತ್ರಿ ಎದ್ದು ಮುಗಿಲು ನೋಡುತ್ತಾನೆ.

ಇದಕ್ಕೆ ಮದ್ದು ಸಿಕ್ಕ ಕಥೆ ಮಕ್ಕಳಿಗೆ ಬಹಳ ಸೇರುತ್ತದೆ. ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದರೆ ವಿಷದಂತೆ ನೀಲಿ. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು, ರೋಗ ಬಂದ ತೋಟದಲ್ಲಿ ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿರುವುದನ್ನು ಕಂಡರು. ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ಇವತ್ತು ಸಾಂಗಲಿಯ ಕೃಷಿ ಅಂಗಡಿಯಲ್ಲಿ ‘ಮೋರಚೂದ’ ಕೇಳಿ ತರುವ ರೈತ ಆ ಪ್ರಯೋಗವನ್ನೇ ಮತ್ತೆ ಮಾಡುತ್ತಿದ್ದಾನೆ. ಶೇಕಡಾ 1ರ ದ್ರಾವಣ ಅಂದರೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ತಯಾರಾದ ಮೇಲೆ ಅದರಲ್ಲಿ ಕಬ್ಬಿಣದ ಚೂರಿ ಅದ್ದಿ ನೋಡುವ ರೂಢಿ ಇದೆ. ಚೂರಿಗೆ ಕೆಂಪು ಹತ್ತಿದರೆ ಸುಣ್ಣ ಕಡಿಮೆ ಆಗಿದೆ, ಇನ್ನಷ್ಟು ಹಾಕಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಬಂಧುಗಳೇ, ಇದು ನಾವು ಹತ್ತನೆಯ ಇಯತ್ತೆಗೆ ಪ್ರನಾಳದಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟು ತೋರಿಸುವ ಸ್ಥಾನಪಲ್ಲಟ ಕ್ರಿಯೆಯೇ. ಮಗುವಿನ ಅಪ್ಪ ತೋಟದಲ್ಲಿ ಮಾಡುತ್ತಾನೆ, ಮಗು ಪರೀಕ್ಷೆಗೆ ಬಾಯಿಪಾಠ ಮಾಡುತ್ತದೆ, ಎರಡೂ ಒಂದೇ ಅಂತ ಇಬ್ಬರಿಗೂ ಯಾರೂ ಹೇಳಿಲ್ಲ. ಹೇಳಬೇಕಾದವರು ನಾವು.

ದ್ರಾಕ್ಷಿ ಇಲ್ಲದ ಊರಿನ ಶಾಲೆಗಳಿಗೆ ಕಾಂಗ್ರೆಸ್ ಕಸ ಇದ್ದೇ ಇದೆ. ಅಮೆರಿಕದ ಗಿಡ, 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಸಿದರು. ಮರಾಠಿಯಲ್ಲಿ ಗಾಜರ ಗವತ. ಅದನ್ನು ತಿನ್ನುವ ಹುಳು ಹಿಂದೆ ಉಳಿದದ್ದರಿಂದ ಇಲ್ಲಿ ಅದಕ್ಕೆ ಹಬ್ಬ. ಮೆಕ್ಸಿಕೊದಿಂದ ಅದರ ದುಂಬಿಯನ್ನೇ ತರಿಸಿ 1984ರಲ್ಲಿ ಬೆಂಗಳೂರು ಸುತ್ತ ಬಿಟ್ಟರು. ಮುಂದೆ ಆ ದುಂಬಿ ಸೂರ್ಯಕಾಂತಿ ಎಲೆ ತಿಂತು ಅಂತ ಗದ್ದಲವೂ ಆಯಿತು, ಪರಿಶೀಲನೆಯೂ ಆಯಿತು. ಮಳೆಗಾಲದಲ್ಲಿ ಶಾಲೆಯ ಕಂಪೌಂಡಿನ ಗಿಡಗಳಲ್ಲಿ ಹುಡುಕಿಸಿದರೆ ಕೆನೆ ಬಣ್ಣದ, ಕಪ್ಪು ಗೆರೆಯ ದುಂಬಿ ಸಿಗುತ್ತದೆ. ಪಪ್ಪಾಯಿಯ ಹಿಟ್ಟು ತಿಗಣೆಯ ಕಥೆ ಇನ್ನೂ ಚೊಕ್ಕ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿ ದಕ್ಷಿಣಕ್ಕೆಲ್ಲ ಹಬ್ಬಿದ ಆ ಮೆಕ್ಸಿಕೊದ ಕೀಟವನ್ನು, 2010ರಲ್ಲಿ ಪೋರ್ಟೊ ರಿಕೊದಿಂದ ತಂದ ಸಣ್ಣ ಕಣಜಗಳು ಹತೋಟಿಗೆ ತಂದವು. ಆದರೆ 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಪತ್ತೆಯಾಗಿ ನಮ್ಮ ಗೋವಿನಜೋಳಕ್ಕೂ ಬಂದ ಸೈನಿಕ ಹುಳುವಿಗೆ ಅಷ್ಟು ಸುಲಭದ ಉಪಾಯ ಸಿಕ್ಕಿಲ್ಲ. 1492ರಲ್ಲಿ ಶುರುವಾದ ಅದಲುಬದಲು ಇನ್ನೂ ನಡದೇ ಇದೆ.

ಪೋರ್ಷನ್ ಮುಗಿಯೋದಿಲ್ರಿ, ಇದಕ್ಕೆಲ್ಲ ತಾಸು ಎಲ್ಲಿಂದ ತರೋಣ ಅನ್ನುವವರಿಗೆ ನನ್ನ ಉತ್ತರ: ಹೊಸ ಪಾಠ ಬೇಡ. ಕಸಿ, ಸ್ಥಾನಪಲ್ಲಟ, ನಿಸರ್ಗದ ಆಯ್ಕೆ, ಸೂಕ್ಷ್ಮಜೀವಿ ಎಲ್ಲವೂ ಪುಸ್ತಕದಲ್ಲಿ ಬೇರೆ ಬೇರೆ ಪುಟದಲ್ಲಿ ಇದ್ದೇ ಇವೆ. ಉದಾಹರಣೆ ಮಾತ್ರ ಬದಲಿಸಿದರೆ ಸಾಕು. ಗಡಿಯ ಕನ್ನಡ ಶಾಲೆಯ ಮಕ್ಕಳಿಗೆ ಇನ್ನೂ ಒಂದು ಲಾಭ ಇದೆ. ಮನೆಯಲ್ಲಿ ಮೆಣಸಿನಕಾಯಿ, ಪೇಟೆಯಲ್ಲಿ ಮಿರಚಿ. ಎರಡೂ ಭಾಷೆಗಳು ಹೊಸದಾಗಿ ಬಂದ ಖಾರಕ್ಕೆ ಹಳೆಯ ಕರಿಮೆಣಸಿನ ಹೆಸರನ್ನೇ ಕೊಟ್ಟಿವೆ. ಇಂಥದ್ದನ್ನು ಹಿಡಿಯಲು ಎರಡು ಭಾಷೆ ಗೊತ್ತಿರುವ ಮಗುವಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

‘ವಿದೇಶಿ ಬೆಳೆ ಎಲ್ಲಾ ಕೆಟ್ಟದ್ದು’ ಅಂತ ಹೇಳುವವರೂ ಇದ್ದಾರೆ, ‘ಎಲ್ಲಾ ಮೊದಲಿಂದ ನಮ್ಮದೇ’ ಅನ್ನುವವರೂ ಇದ್ದಾರೆ. ಮೊದಲನೆಯವರು ಶೇಂಗಾ ಹಿಂಡಿ ಬಿಡಲಿ, ಆಮೇಲೆ ಮಾತಾಡೋಣ. ಎರಡನೆಯವರ ಮಾತಿನಿಂದ ಅಪಾಯ ಹೆಚ್ಚು, ಯಾಕಂದರೆ ಎಲ್ಲಿಂದ ಬಂತು ಅನ್ನುವುದು ಮರೆತರೆ ರೋಗ ಬಂದಾಗ ಉಪಾಯ ಎಲ್ಲಿ ಹುಡುಕಬೇಕು ಅನ್ನುವುದೂ ಮರೆತುಹೋಗುತ್ತದೆ.

ನಿಜವಾಗಿ ನನಗೆ ಚಿಂತೆ ಇರುವುದು ಬೇರೆ. ನಮ್ಮ ತೋಟಗಳ ಮೇಲ್ಭಾಗದಲ್ಲಿ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಅಥವಾ ಅದರಿಂದ ಆರಿಸಿದ ತಾಸ್–ಎ–ಗಣೇಶ, ಸೋನಾಕಾದಂಥ ತಳಿಗಳು. ಬೀಜವಿಲ್ಲದ್ದರಿಂದ ಎಲ್ಲವೂ ಕಡ್ಡಿಯಿಂದಲೇ ಆಗಬೇಕು, ಅಂದರೆ ಒಂದು ತಳಿಯ ಬಳ್ಳಿಗಳೆಲ್ಲ ಒಂದರ ನಕಲು ಇನ್ನೊಂದು. ಕೆಳಗೆ ಬಹುಪಾಲು ಡಾಗ್ರಿಜ್, ಅದೂ ಕಡ್ಡಿಯ ನಕಲೇ. 1845ರಲ್ಲಿ ಐರ್ಲೆಂಡಿನ ಬಡವರು ಬಹುತೇಕ ‘ಲಂಪರ್’ ಅನ್ನುವ ಒಂದೇ ಬಟಾಟಿ ತಳಿ ನಂಬಿದ್ದರು. ಅಮೆರಿಕದಿಂದ ಬಂದ ಅಂಗಮಾರಿ ರೋಗ ತಗುಲಿತು, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗದಿಂದ ಸತ್ತರು. ಸಾಂಗಲಿಗೆ ಹಾಗಾಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ದ್ರಾಕ್ಷಿ ಅನ್ನವಲ್ಲ, ಸಂಶೋಧನೆಯೂ ನಡೆದಿದೆ. ಪುಣೆ ಹತ್ತಿರದ ಮಾಂಜರಿಯಲ್ಲಿ 1997ರಿಂದ ಇರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 110ಆರ್‌ನಂಥ ಬೇರೆ ಖುಂಟಗಳನ್ನೂ ಪರೀಕ್ಷಿಸಿದೆ. ಆದರೆ ನಾಳೆ ತೋಟ ಮಾಡುವ ಮಗುವಿಗೆ ಒಂದೇ ಖುಂಟದ ಮೇಲೆ ನಿಲ್ಲುವುದರ ಅರ್ಥ ಇವತ್ತೇ ತಿಳಿದಿರಬೇಕು. ಪರದೇಶಕ್ಕೆ ಹೋದ ನೆಂಟರು ಚೀಲದಲ್ಲಿ ಹೊಸ ತಳಿಯ ಎರಡು ಕಡ್ಡಿ ತಂದರೆ ಅದರ ಜೊತೆ ಏನು ಬರಬಹುದು ಅನ್ನುವುದೂ ತಿಳಿದಿರಬೇಕು. ಸಸ್ಯ ದಿಗ್ಬಂಧನದ ಆದೇಶ 2003ರಿಂದ ಇದೆ, ಆದರೆ ವಿಮಾನ ನಿಲ್ದಾಣದ ಅಧಿಕಾರಿ ಎಷ್ಟು ಚೀಲ ಅಂತ ನೋಡಿಯಾರು?

ಈ ಅಕ್ಟೋಬರಿನಲ್ಲಿ ಛಾಟಣಿ ಮುಗಿದು ಮೂರ್ನಾಲ್ಕು ವಾರಕ್ಕೆ, ಪಾಲಕರ ಒಪ್ಪಿಗೆ ಪಡೆದು, ಒಂಬತ್ತು–ಹತ್ತನೆಯ ಇಯತ್ತೆಯವರನ್ನು ಹತ್ತಿರದ ಒಂದು ತೋಟಕ್ಕೆ ಕರೆದುಕೊಂಡು ಹೋಗ್ರಿ. ಭೂತಗನ್ನಡಿ ಒಯ್ಯಿರಿ. ಔಷಧ ಹೊಡೆದ ದಿನ ಬೇಡ. ಕಸಿ ಕೂಡಿದ ಗಂಟನ್ನು ಮುಟ್ಟಿಸ್ರಿ, ಎಲೆ ಮಗುಚಿ ನೋಡಿಸ್ರಿ, ಚೂರಿಯ ಪರೀಕ್ಷೆಯನ್ನು ರೈತನ ಕೈಯಿಂದಲೇ ಮಾಡಿಸ್ರಿ. ಮೈಲುತುತ್ತ ಮಕ್ಕಳ ಕೈಗೆ ಕೊಡಬ್ಯಾಡ್ರಿ, ಬೋರ್ಡೋ ಕಲಸಲು ಪ್ಲಾಸ್ಟಿಕ್ ಪಾತ್ರೆಯೇ ಯಾಕೆ, ಕಬ್ಬಿಣದ್ದು ಯಾಕೆ ಆಗುವುದಿಲ್ಲ ಅಂತ ವಾಪಸ್ ಬರುವಾಗ ದಾರಿಯಲ್ಲಿ ಕೇಳ್ರಿ.